ಗಂಡು ಸೂರಕ್ಕಿಯ ತಕರಾರು

“ಕೈ ತೆಗಿ! ಆ ವೈರ್‌ಗೆ ಕತ್ತರಿ ತಾಗಿಸಿದೆ ಅಂದ್ರೆ ನೋಡು ಮತ್ತೆ!”

ಅಮ್ಮ ಗಿರಿಜಮ್ಮನ ಕೂಗಿಗೆ, ಸ್ಟೂಲು ಹತ್ತಿ ನಿಂತಿದ್ದ ಚನ್ನವೀರೇಶನ ಕೈ ಎತ್ತಿದಲ್ಲೇ ನಿಂತಿತು. ಪೋರ್ಟಿಕೋದ ಸೂರಿನಿಂದ ಹಳೇ ಬಲ್ಬಿನ ವೈರೊಂದು ಇಳಿಬಿದ್ದಿತ್ತು. ಅದರ ತುದಿಯಲ್ಲಿ ನಾರು, ಒಣಗಿದ ಎಲೆ, ಜೇಡನ ಬಲೆ ಎಲ್ಲ ಸೇರಿಸಿ ಹೆಣೆದ ಒಂದು ಗೂಡು ಹರಿದ ಕಾಲುಚೀಲದ ಹಾಗೆ ನೇತಾಡುತ್ತಿತ್ತು. ಗೂಡಿಗೆ ಎದುರಾಗಿ, ಗೋಡೆಗೆ ಒರಗಿಸಿದ ಬೆತ್ತದ ಕುರ್ಚಿಯಲ್ಲಿ ಅವನ ಅಪ್ಪ ಉಗ್ರಪ್ಪನವರು ಕೂತಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ತೀರಿಕೊಂಡದ್ದು ಅವತ್ತೇ ಬೆಳಿಗ್ಗೆ.

“ಅಮ್ಮಾ, ಜನ ಬರೋಕೆ ಶುರುವಾಗುತ್ತೆ. ಹಾರ ಹಾಕೋರಿಗೆಲ್ಲ ತಲೆಗೆ ತಾಗುತ್ತೆ. ನಿಧಾನಕ್ಕೆ ಬಿಚ್ಚಿ ಕರಿಬೇವಿನ ಗಿಡಕ್ಕೆ ಕಟ್ತೀನಿ, ಅಷ್ಟೇ.”

“ಗಿಡಕ್ಕೆ ಕಟ್ಟಿದ್ರೆ ಅವು ಹತ್ರಾನೂ ಸುಳಿಯಲ್ಲ. ತಾಗೋರು ಬಗ್ಗಿ ಬರ್ಲಿ. ಹೋದೋರಿಗೆ ಕೈ ಮುಗಿಯೋಕೆ ಬರೋರು ಒಂಚೂರು ಬಗ್ಗಿದ್ರೆ ಏನೂ ಸವೆದು ಹೋಗಲ್ಲ.”

ಗಂಡ ಹೋಗಿ ಇನ್ನೂ ಅರ್ಧ ದಿನ ಆಗಿಲ್ಲ, ಹೆಂಗಸಿಗೆ ಗೂಡಿನ ಚಿಂತೆ! ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಇಳಿಸುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಸೆ ಸೌಮ್ಯಶ್ರೀ ಬಂದು ಗಂಡನ ಕೈಯಿಂದ ಕತ್ತರಿ ತೆಗೆದುಕೊಂಡಳು. “ಬಿಡಿ ರೀ, ಇವತ್ತೊಂದಿನ ಅವರು ಹೇಳ್ದಂಗೆ ಆಗ್ಲಿ” ಅಂದಳು. ಚನ್ನವೀರೇಶ ಸ್ಟೂಲಿನಿಂದ ಇಳಿದ. ಕಾಮಾಕ್ಷಿಪಾಳ್ಯದಲ್ಲಿ ಪೌಡರ್ ಕೋಟಿಂಗ್ ಯೂನಿಟ್ ನಡೆಸುವವನು, ಅಲ್ಲಿ ಹುಡುಗರ ಮೇಲೆ ಜೋರು ಮಾಡಿ ಅಭ್ಯಾಸ. ಆದರೆ ಅಮ್ಮನ ಎದುರು ಆ ಜೋರು ಯಾವತ್ತೂ ನಡೆದಿಲ್ಲ.

ಲಿಂಗಾಯತರ ಮನೆಯಲ್ಲಿ ಹೋದವರನ್ನು ಮಲಗಿಸುವ ಪದ್ಧತಿ ಇಲ್ಲ. ಕೂರಿಸಿಯೇ ಪೂಜೆ, ಕೂರಿಸಿಯೇ ಮೆರವಣಿಗೆ, ಸಮಾಧಿಯೂ ಕೂರಿಸಿಯೇ. ಹಾಸಿಗೆಯಲ್ಲಿ ಹೋದವರಾದರೆ ಮೈ ಸೆಟೆಯುವ ಮೊದಲು ಎಬ್ಬಿಸಿ, ಮಂಡಿ ಮಡಿಸಿ, ಬೆನ್ನಿಗೆ ಹಲಗೆ ಕೊಟ್ಟು ಕೂರಿಸುವಷ್ಟರಲ್ಲಿ ಮನೆಯವರ ಜೀವ ಅರ್ಧ ಆಗಿರುತ್ತದೆ. ಉಗ್ರಪ್ಪನವರು ಆ ತೊಂದರೆಯನ್ನೂ ಯಾರಿಗೂ ಕೊಡಲಿಲ್ಲ. ದಿನಾ ಹಕ್ಕಿ ನೋಡಲು ಕೂರುತ್ತಿದ್ದ ಕುರ್ಚಿಯಲ್ಲಿ, ಕೂತಲ್ಲೇ ಹೋಗಿದ್ದರು. ವಿಭೂತಿ ಹಚ್ಚಲು ಬಂದ ಅಯ್ಯನವರು ನೋಡಿ ದಂಗಾದರು. “ಎಂಥಾ ಪುಣ್ಯವಂತರು ತಾಯಿ! ತಾವೇ ಸಿದ್ಧವಾಗಿ ಕೂತುಬಿಟ್ಟಿದ್ದಾರಲ್ಲ!”

ಅಯ್ಯನವರ ಮಾತಿಗೆ ಗಿರಿಜಮ್ಮ ತಲೆ ಆಡಿಸಿದರು. ಪುಣ್ಯ ಪಾಪದ ಲೆಕ್ಕ ಅವರ ತಲೆಯಲ್ಲಿ ಇರಲಿಲ್ಲ. ಗಂಡ ಹೆಂಡತಿ ನಡುವೆ ಒಂದು ತಕರಾರು ನಡೆದಿತ್ತು, ಅದು ತೀರ್ಮಾನ ಆಗದೆ ನಿಂತುಬಿಟ್ಟಿತ್ತು. ಸಂಜೆ ನಾಲ್ಕಕ್ಕೆ, ಹೋದವರನ್ನು ಕೂರಿಸಿ ಹೊರುವ ವಿಮಾನ ಏಳುತ್ತದೆ. ಅಷ್ಟರೊಳಗೆ, ಗಂಡ ಇನ್ನೂ ಎದುರಿಗೆ ಕೂತಿರುವಾಗಲೇ, ಅದು ತೀರ್ಮಾನ ಆಗಬೇಕು. ಇದನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ದುಃಖಕ್ಕೆ ತಲೆ ಕೆಟ್ಟಿದೆ ಅಂದಾರು.

*

ಕಾಂಪೌಂಡಿಗೂ ಪೋರ್ಟಿಕೋಗೂ ನಡುವೆ ಉಳಿದಿದ್ದ ಮಣ್ಣಿನ ಪಟ್ಟಿಯನ್ನು ಉಗ್ರಪ್ಪ ತೋಟ ಅನ್ನುತ್ತಿದ್ದರು. ಗಿರಿಜಮ್ಮ ಅದನ್ನು ಹಕ್ಕಿಗಳ ಹೋಟೆಲು ಅನ್ನುತ್ತಿದ್ದರು. ಬಸವೇಶ್ವರನಗರದ ಆ ರಸ್ತೆಯಲ್ಲಿ ಉಳಿದವರೆಲ್ಲ ಅಷ್ಟು ಜಾಗಕ್ಕೂ ಟೈಲ್ಸ್ ಹಾಕಿಸಿ ಸ್ಕೂಟರ್ ನಿಲ್ಲಿಸಿಕೊಂಡಿದ್ದರು. ಇವರ ಮನೆಯಲ್ಲಿ ಮಾತ್ರ ದಾಳಿಂಬೆ, ಕರಿಬೇವು, ಕೆಂಪು ದಾಸವಾಳ. ಕಾಂಪೌಂಡಿನ ಮೇಲೆ ಬೆಳಿಗ್ಗೆ ಒಂದು ಹಿಡಿ ರಾಗಿ, ಒಂದು ಹಿಡಿ ನುಚ್ಚಕ್ಕಿ. ಮಣ್ಣಿನ ತಟ್ಟೆಯಲ್ಲಿ ನೀರು. ದಾಳಿಂಬೆಯ ಕೊಂಬೆಗೆ ಚುಚ್ಚಿಟ್ಟ ಪರಂಗಿ ಹೋಳು. ಮೈನಾ ಬರುತ್ತಿತ್ತು, ಪಿಕಳಾರ ಬರುತ್ತಿತ್ತು, ಕರೆಯದಿದ್ದರೂ ಅಳಿಲು ಬರುತ್ತಿತ್ತು. ಪಾರಿವಾಳ ಬಂದರೆ ಮಾತ್ರ ಉಗ್ರಪ್ಪ ಟವೆಲು ಬೀಸುತ್ತಿದ್ದರು, ಯಾಕೆಂದರೆ ಮಹಡಿಯ ಬಾಡಿಗೆಯವರು ಹಿಕ್ಕೆಯ ವಿಷಯಕ್ಕೆ ಒಮ್ಮೆ ಜಗಳಕ್ಕೆ ನಿಂತಿದ್ದರು. ಆ ಬೀಸುವುದಾದರೂ ಹೇಗೆ, ಸ್ವಲ್ಪ ಆ ಕಡೆ ಹೋಗ್ತೀರಾ ಅಂತ ಕೇಳುವ ಹಾಗೆ. ಹೆಸರಿಗೆ ಮಾತ್ರ ಉಗ್ರಪ್ಪ.

ಈ ಹೋಟೆಲಿನ ಗಿರಾಕಿ ಅಲ್ಲದ ಹಕ್ಕಿ ಅಂದರೆ ಸೂರಕ್ಕಿ. ಹೆಬ್ಬೆರಳಿಗಿಂತ ತುಸು ದೊಡ್ಡದು. ಅದಕ್ಕೆ ರಾಗಿಯೂ ಬೇಡ, ನುಚ್ಚೂ ಬೇಡ. ದಾಸವಾಳದ ಹೂವಿಗೆ ಕೊಕ್ಕು ಹಾಕಿ ಮಕರಂದ ಹೀರಿಕೊಂಡು ಹೋಗುತ್ತಿತ್ತು. ಹಿಂದೆ ಎರಡು ಸಲ ಪೋರ್ಟಿಕೋದ ವೈರಿಗೆ ಗೂಡು ಕಟ್ಟಿತ್ತು, ಎರಡು ಸಲವೂ ಕಾಗೆ ಕಿತ್ತು ಹಾಕಿತ್ತು. ಈ ಸಲ ಶಿವರಾತ್ರಿ ಕಳೆದ ಮೇಲೆ ಮತ್ತೆ ಕಟ್ಟಿತು, ಮೊಟ್ಟೆ ಇಟ್ಟಿತು, ಮರಿಯೂ ಆಯಿತು. ಅಲ್ಲಿಂದಲೇ ಶುರುವಾಯಿತು ನೋಡಿ ತಕರಾರು.

“ಗೂಡು ಕಟ್ಟಿದ್ದು ಯಾರು?” ಗಿರಿಜಮ್ಮ ಹೊಸಿಲ ಮೇಲೆ ನಿಂತು ಕೇಳಿದ್ದರು.

“ಅವಳು,” ಅಂದರು ಉಗ್ರಪ್ಪ ಕುರ್ಚಿಯಿಂದ.

“ಕಾವಿಗೆ ಕೂತಿದ್ದು?”

“ಅದೂ ಅವಳೇ.”

“ಆಗ ಈ ಮಹಾರಾಯ ಏನ್ ಮಾಡ್ತಿದ್ದ? ಕೇಬಲ್ ವೈರಿನ ಮೇಲೆ ಕೂತು, ಬಣ್ಣ ತೋರಿಸ್ಕೊಂಡು, ಚಿಟ್ ಚಿಟ್ ಅಂತಿದ್ದ. ಈಗ ನೋಡಿ, ಅವಳು ಒಬ್ಬಳೇ ಹುಳ ತಂದು ತಂದು ಸಾಯ್ತಿದ್ದಾಳೆ.”

“ಅವನೂ ಉಣಿಸ್ತಾನೆ ಕಣೇ.”

“ನೋಡಿದ್ದೀರಾ?”

“ಇನ್ನೂ ಇಲ್ಲ. ಆದ್ರೆ ಅವನ ಮುಖ ನೋಡಿದ್ರೆ ಗೊತ್ತಾಗಲ್ವಾ?”

“ಅಯ್ಯೋ, ಮುಖವಂತೆ! ಗಂಡಸ್ರ ಮುಖ ನೋಡಿ ನಂಬಿದೋರು ಉದ್ಧಾರ ಆಗಿದ್ದಾರಾ? ಎಲ್ಲಾ ಒಂದೇ ಜಾತಿ. ನಮ್ಮ ಚನ್ನಿ ಚಿಕ್ಕೋನಿದ್ದಾಗ ನೀವು ಒಂದು ತುತ್ತು ಬಾಯಿಗಿಟ್ಟಿದ್ದನ್ನ ನಾನು ಕಂಡಿಲ್ಲ.”

“ನೀನು ಕಂಡಿಲ್ಲ ಅಂದ್ರೆ ಉಣಿಸಿಲ್ಲ ಅಂತಾನಾ?” ಅಂದು ಉಗ್ರಪ್ಪ ಮತ್ತೆ ಗೂಡಿನ ಕಡೆ ತಿರುಗಿದರು. ಹಾಗೆ ಹೇಳಿ ಸುಮ್ಮನಾಗುವುದು ಅವರ ಹಳೇ ಚಾಳಿ. ಮಾತಿಗೆ ಮಾತು ಕೊಟ್ಟಿದ್ದರೆ ಗಿರಿಜಮ್ಮನಿಗೂ ಸಮಾಧಾನ ಇರುತ್ತಿತ್ತು.

ಆಮೇಲೆ ಮನೆಯಲ್ಲಿ ಅದೇ ಕತೆ. ಹಾಲು ಒಲೆ ಮೇಲಿಟ್ಟು ಗಿರಿಜಮ್ಮ ಹೊರಗೆ ಓಡಿ ಬರುವರು, “ಬಂದ್ನಾ?” ಅನ್ನುವರು. “ಬರ್ತಾನೆ” ಅನ್ನುವರು ಉಗ್ರಪ್ಪ. ಬಂದದ್ದು ಪ್ರತಿ ಸಲವೂ ಹೆಣ್ಣೇ. ಗಿರಿಜಮ್ಮ ಗೆದ್ದ ಮುಖ ಮಾಡಿಕೊಂಡು ಒಳಗೆ ಹೋಗುವರು, ಅಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು. ವಯಸ್ಸಾದ ಮೇಲೆ ಇಬ್ಬರೂ ಸೇರಿ ಇಷ್ಟು ಆಸೆಯಿಂದ ಒಂದು ವಿಷಯಕ್ಕೆ ಕಾದದ್ದು ಇದೇ ಮೊದಲು. ಇದನ್ನು ಗಿರಿಜಮ್ಮ ಯಾರ ಹತ್ತಿರವೂ ಒಪ್ಪಿಕೊಳ್ಳುತ್ತಿರಲಿಲ್ಲ.

*

ಹನ್ನೊಂದರ ಹೊತ್ತಿಗೆ ಪೋರ್ಟಿಕೋ ತುಂಬಿತು. ನಂದಿನಿ ಲೇಔಟಿನ ನೆಂಟರು ಬಂದರು, ಪಾರ್ಕಿನ ವಾಕಿಂಗ್ ಗೆಳೆಯರು ಬಂದರು, ಭಜನೆಯವರು ಜಮಖಾನ ಹಾಸಿ ತಾಳ ತೆಗೆದರು. ಹೆಣ್ಣು ಸೂರಕ್ಕಿ ಕೊಕ್ಕಿನಲ್ಲಿ ಏನೋ ಹಿಡಿದುಕೊಂಡು ಬಂತು, ಜನ ನೋಡಿತು, ದಾಳಿಂಬೆ ಗಿಡದಲ್ಲಿ ಚಡಪಡಿಸಿತು, ಹಾರಿಹೋಯಿತು. ಜನ ಸ್ವಲ್ಪ ಕರಗಿದಾಗ ಮತ್ತೆ ಬಂದು ಒಂದು ಗುಕ್ಕು ಕೊಟ್ಟು ಹೋಯಿತು. ಗಂಡು ಬೀದಿಯ ಕೇಬಲ್ ವೈರಿನ ಮೇಲೇ ಇತ್ತು. ಗಿರಿಜಮ್ಮ ಗಂಡನ ಪಕ್ಕದ ಚಾಪೆಯಲ್ಲಿ ಕೂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು, ಕಣ್ಣು ಮಾತ್ರ ಮೇಲೆ.

“ಪಾಪ, ಶೂನ್ಯ ನೋಡ್ತಿದ್ದಾರೆ,” ಅಂದಳು ನಂದಿನಿ ಲೇಔಟಿನ ಒಬ್ಬಾಕೆ ಕಣ್ಣೊರೆಸಿಕೊಂಡು.

ಕಾಮಾಕ್ಷಿಪಾಳ್ಯದಿಂದ ಬೈರಯ್ಯ ಅನ್ನುವವರು ಬಂದರು. ಗಿರಿಜಮ್ಮನಿಗೆ ಅವರ ಪರಿಚಯವಿಲ್ಲ. ಹಿಂದೆ ಗಾರ್ಮೆಂಟ್ಸಿಗೆ ಬಟನ್ ಹೊಲಿದು ಕೊಡುವ ಸಣ್ಣ ಶೆಡ್ ಇಟ್ಟುಕೊಂಡಿದ್ದವರಂತೆ. ಗೂಡಿಗೆ ತಲೆ ತಾಗದಂತೆ ತಾವಾಗಿಯೇ ಬಗ್ಗಿ ಬಂದು ಹಾರ ಹಾಕಿದರು. ಗಿರಿಜಮ್ಮನಿಗೆ ಅಷ್ಟಕ್ಕೇ ಅವರ ಮೇಲೆ ಅಭಿಮಾನ ಬಂತು.

“ನಮ್ಮ ಏರಿಯಾಗೆ ಇವ್ರೇ ಅಲ್ವೇನಮ್ಮಾ ಕರೆಂಟ್ ಮೀಟರ್ ಓದೋಕೆ ಬರ್ತಿದ್ದಿದ್ದು,” ಅಂದರು ಬೈರಯ್ಯ. “ನಮ್ ಶೆಡ್ಡಿನ ಮೀಟರ್ ಡಬ್ಬಿ ಒಳಗೆ ಗುಬ್ಬಚ್ಚಿ ಗೂಡು ಮಾಡಿತ್ತು. ನಾನು ಕಿತ್ತಾಕೋಕೆ ಹೋದೆ. ಇವ್ರು ಕೈ ಹಿಡ್ಕೊಂಡ್ಬಿಟ್ರು. ‘ಇರ್ಲಿ ಬಿಡಿ, ನಾನು ಸಂದೀಲೇ ಓದ್ಕೊತೀನಿ’ ಅಂದ್ರು. ಸೈಕಲ್ಲಿನ ಕನ್ನಡಿ ಬಿಚ್ಚಿ ತಂದು, ಡಬ್ಬಿ ಪಕ್ಕ ಹಿಡ್ದು, ಕನ್ನಡೀಲಿ ತಿರುಗಾ ಮುರುಗಾ ಕಾಣೋ ನಂಬರನ್ನ ಓದ್ಕೊಂಡು ಹೋದ್ರು! ನಾವೆಲ್ಲಾ ನಕ್ಕಿದ್ದೇ ನಕ್ಕಿದ್ದು.”

“ನಮಗೆ ಹೇಳೇ ಇಲ್ವಲ್ಲ ಇದನ್ನ,” ಅಂದ ಚನ್ನವೀರೇಶ.

“ಹೇಳೋ ಪೈಕಿನಾ ಅವ್ರು? ಮಾರನೇ ತಿಂಗಳು ಬಂದೋರೇ, ಮೀಟರಿಗಿಂತ ಮುಂಚೆ ‘ಮರಿ ಹಾರಿದ್ವಾ?’ ಅಂತ ಕೇಳಿದ್ರು.”

ಭಜನೆಯವರೂ ತಾಳ ನಿಲ್ಲಿಸಿ ನಕ್ಕರು. ಗಿರಿಜಮ್ಮ ನಗಲಿಲ್ಲ. ತಿರುಗಿ ಗಂಡನ ಮುಖ ನೋಡಿದರು. ಇನ್ನೂ ಏನೇನು ಇಟ್ಟುಕೊಂಡಿದ್ದೀರಿ ಒಳಗೆ? ಒಂದೇ ಮನೆ, ಒಂದೇ ಒಲೆ, ಇಷ್ಟು ವರ್ಷ ಬಾಳಿ ಸೈಕಲ್ಲಿಗೆ ಯಾಕೆ ಕನ್ನಡಿ ಇಲ್ಲ ಅಂತ ತಾನೂ ಕೇಳಿರಲಿಲ್ಲವಲ್ಲ ಅನ್ನಿಸಿತು.

*

ಹಕ್ಕಿ ನೋಡುವಾಗ ಮಾತಾಡಬಾರದು, ಅಲ್ಲಾಡಬಾರದು. ಉಗ್ರಪ್ಪನವರು ಇಡೀ ಸಂಸಾರದಲ್ಲಿ ಮಾಡಿದ ಒಂದೇ ಒಂದು ಕಟ್ಟಾಜ್ಞೆ ಅದು.

ಅದಕ್ಕೇ ಅವತ್ತು ಬೆಳಿಗ್ಗೆ ಕಾಫಿ ಹಿಡಿದು ಬಂದ ಗಿರಿಜಮ್ಮ ತುಟಿ ಬಿಚ್ಚಲಿಲ್ಲ. ಉಗ್ರಪ್ಪ ಗೋಡೆಗೆ ತಲೆ ಆನಿಸಿ, ಗಲ್ಲ ತುಸು ಮೇಲೆತ್ತಿ, ಗೂಡಿನ ಕಡೆ ನೋಡುತ್ತಿದ್ದರು. ಲೋಟವನ್ನು ಸದ್ದಾಗದಂತೆ ಕುರ್ಚಿಯ ಪಕ್ಕ ಇಟ್ಟು, ತಾವೂ ಹೊಸಿಲ ಮೇಲೆ ಕೂತರು. ಬಿಸಿಲು ಇನ್ನೂ ಎಳೆಯದಿತ್ತು. ಹೆಣ್ಣು ಬಂತು, ಗೂಡಿನ ಬಾಯಿಗೆ ಜೋತುಬಿತ್ತು, ಒಳಗಿನಿಂದ ಹಳದಿ ಅಂಚಿನ ಎರಡು ಪುಟ್ಟ ಬಾಯಿ ತೆರೆದುಕೊಂಡವು. ಗಿರಿಜಮ್ಮ ಮರಿಗಳನ್ನು ಅಷ್ಟು ಚೆನ್ನಾಗಿ ನೋಡಿದ್ದು ಅವತ್ತೇ. ಎಷ್ಟು ಚೆಂದ ಅಂತ ಹೇಳಬೇಕು ಅನ್ನಿಸಿತು, ಗಂಡನ ಆಜ್ಞೆ ನೆನಪಾಗಿ ತಡೆದುಕೊಂಡರು.

ಸ್ವಲ್ಪ ಹೊತ್ತು ಬಿಟ್ಟು ಪಿಸುಗುಟ್ಟಿದರು. “ಬಂದ್ನಾ ರೀ ಅವನು? ನಾನು ಬರೋಕ್ ಮುಂಚೆ?”

ಉತ್ತರ ಬರಲಿಲ್ಲ. ಗಂಡು ಎಲ್ಲೋ ಹತ್ತಿರದಲ್ಲೇ ಇರಬೇಕು, ಅದಕ್ಕೇ ಇವರು ಉಸಿರು ಬಿಗಿ ಹಿಡಿದಿದ್ದಾರೆ ಅಂದುಕೊಂಡು ಗಿರಿಜಮ್ಮನೂ ಉಸಿರು ಬಿಗಿ ಹಿಡಿದರು. ಹಾಗೇ ಇಬ್ಬರೂ ಕೂತರು. ಹಾಲಿನ ಹುಡುಗ ಬಂದು ಹೋದ, ಎದುರು ಮನೆಯವರು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು ಮುಗಿಸಿದರು. ಕಾಫಿಯ ಮೇಲೆ ಕೆನೆ ಕಟ್ಟಿದ್ದು ಕಣ್ಣಿಗೆ ಬಿತ್ತು. ಕಾಫಿ ಆರಲು ಬಿಡುವ ಆಸಾಮಿ ಅಲ್ಲ ಇವರು. ಎದ್ದು ಹೋಗಿ ಕೈ ಮುಟ್ಟಿದರು.

ಮುಟ್ಟಿದ ಮೇಲೆ ಕೂಗಿದ್ದು, ಮಹಡಿಯವರು ಓಡಿ ಬಂದದ್ದು, ಡಾಕ್ಟರು ಬಂದು ಆಗಲೇ ಬಹಳ ಹೊತ್ತಾಗಿದೆ ಅಂದದ್ದು, ಎಲ್ಲ ಮಂಜು ಮಂಜು. ಡಾಕ್ಟರ ಆ ಒಂದು ಮಾತು ಮಾತ್ರ ಎದೆಯಲ್ಲಿ ನಿಂತಿತು. ಬಹಳ ಹೊತ್ತು ಅಂದರೆ ಎಷ್ಟು? ಬೆಳಕು ಹರಿದ ಮೇಲೋ, ಮೊದಲೋ? ಗಂಡು ಬಂದದ್ದನ್ನು ನೋಡಿ ಹೋದರೋ, ನೋಡದೆ ಹೋದರೋ? ಇದನ್ನು ಯಾವ ಡಾಕ್ಟರನ್ನು ಕೇಳುವುದು!

*

ಮಧ್ಯಾಹ್ನ ದಾವಣಗೆರೆಯಿಂದ ಮೈದುನ ರುದ್ರೇಶ ಮನೆಮಂದಿಯನ್ನು ಕರೆದುಕೊಂಡು ಬಂದು ಅಣ್ಣನ ಕಾಲು ಹಿಡಿದು ಅತ್ತ. ಗೇಟಿನಾಚೆ ಬಿದಿರು, ಬಾಳೆಕಂದು, ಚೆಂಡುಹೂವು ಕಟ್ಟಿ ವಿಮಾನ ಸಿದ್ಧವಾಗುತ್ತಿತ್ತು. ಹಿಂದಿನ ಬೀದಿಯ ರಾಮಮ್ಮ ಸೊಸೆಯ ಕೈ ಹಿಡಿದುಕೊಂಡು ಬಂದರು. ಗಿರಿಜಮ್ಮ ಟೆಲಿಫೋನ್ ಎಕ್ಸ್‌ಚೇಂಜಿಗೆ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಚನ್ನವೀರೇಶನನ್ನು ಹಗಲು ಹೊತ್ತು ನೋಡಿಕೊಂಡವರು ಈ ರಾಮಮ್ಮನೇ. ಈಗ ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಗಟ್ಟಿ.

ಗಿರಿಜಮ್ಮನ ಕೈ ಹಿಡಿದು ಕೂತ ರಾಮಮ್ಮ ಆಮೇಲೆ ಕೇಳಿದರು. “ಏನಮ್ಮಾ, ಆಗ್ಲಿಂದ ಕತ್ತೆತ್ತಿ ಕತ್ತೆತ್ತಿ ನೋಡ್ತಿದ್ದೀರಲ್ಲ, ಏನೈತೆ ಅಲ್ಲಿ?”

ರಾಮಮ್ಮನ ಹತ್ತಿರ ಮುಚ್ಚಿಡುವುದು ಏನಿದೆ ಅನ್ನಿಸಿತು. “ಗೂಡು ಐತೆ ರಾಮಮ್ಮ. ಗಂಡು ಬಂದು ಮರಿಗೆ ಉಣಿಸುತ್ತಾ ಇಲ್ವಾ ಅಂತ ನಮ್ಮಿಬ್ಬರಿಗೂ ಜಗಳ. ಇವ್ರು ಉಣಿಸುತ್ತೆ ಅಂತಿದ್ರು. ಒಂದಿನಾನೂ ಬಂದಿದ್ದು ನೋಡ್ಲಿಲ್ಲ.”

“ಯಾಕ್ ಉಣಿಸಾಕಿಲ್ಲ? ನಿಮ್ಮೋರು ಉಣಿಸ್ತಿರ್ಲಿಲ್ವಾ?”

“ಇವ್ರಾ? ಯಾರಿಗೆ?”

“ಇನ್ಯಾರಿಗೆ, ಚನ್ನಿಗೆ! ಮಧ್ಯಾಹ್ನ ಆದ್ರೆ ಸಾಕು, ಸೈಕಲ್ ನಿಲ್ಸಿ ಬರೋರು. ನಾನು ತಟ್ಟೆ ಹಿಡ್ದಿದ್ರೆ ಕೊಡಿ ಇಲ್ಲಿ ಅಂತ ಇಸ್ಕೊಳೋರು. ಅವಾಗ ನಮ್ಮನೆ ಮುಂದೆ ಎಲ್ಲಾ ಹೊಲ. ಸೊಂಟದ ಮೇಲೆ ಕೂರಿಸ್ಕೊಂಡು, ಅಗೋ ಮೈನಾ, ಇಗೋ ಕಾಗೆ ಅಂತ ತೋರಿಸ್ತಾ ತೋರಿಸ್ತಾ ಅಷ್ಟೂ ಅನ್ನ ಉಣಿಸಿಬಿಡೋರು. ನನ್ ಕೈಲಿ ಒಂದಿನಾನೂ ಆ ಮಗ ಅಷ್ಟು ಉಣ್ಲಿಲ್ಲ.”

ಗಿರಿಜಮ್ಮನಿಗೆ ನೆನಪಾಯಿತು. ರಾತ್ರಿ ತಾನು ಉಣಿಸಲು ಕೂತರೆ ಆ ಹುಡುಗ ‘ಕಾಕಾ ತೋರ್ಸು, ಕಾಕಾ ತೋರ್ಸು’ ಅಂತ ಹಟ ಮಾಡುತ್ತಿದ್ದ. ಕತ್ತಲಲ್ಲಿ ಎಲ್ಲಿಂದ ತರಲಿ ಕಾಗೆ ಅಂತ ತಾನು ಗದರಿದ್ದೂ ಇತ್ತು. ಮಗುವಿಗೆ ಆ ಅಭ್ಯಾಸ ಎಲ್ಲಿಂದ ಬಂತು ಅಂತ ಆಗ ಹೊಳೆಯಲೇ ಇಲ್ಲ.

“ನನಗ್ಯಾಕೆ ಯಾರೂ ಹೇಳ್ಲಿಲ್ಲ?”

“ಡ್ಯೂಟಿ ಹೊತ್ತಲ್ಲಿ ಬರ್ತಿದ್ರಲ್ಲ. ನಮ್ಮನೆಯೋಳಿಗೆ ಗೊತ್ತಾದ್ರೆ ಬೈತಾಳೆ, ಹೇಳ್ಬೇಡಿ ಅನ್ನೋರು. ಆಮೇಲೆ ಮಗ ಇಸ್ಕೂಲ್ಗೋಯ್ತು, ಎಲ್ಲಾ ಮರ್ತೋಯ್ತು. ಉಣಿಸಿದ್ದನ್ನೂ ಒಂದು ಸುದ್ದಿ ಅಂತ ಹೇಳ್ತಾರಾ ಯಾರಾದ್ರೂ?”

ಗಿರಿಜಮ್ಮನಿಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಮದುವೆ, ಮುಂಜಿ, ಹಬ್ಬ ಅನ್ನದೆ ನೆಂಟರ ಎದುರೆಲ್ಲ ತಾನು ಅದೇ ಮಾತು ಎತ್ತಿ ಆಡಿದ್ದೇ ಆಡಿದ್ದು, ಒಂದು ತುತ್ತು ಉಣಿಸಿದವರಲ್ಲ ಇವರು ಅಂತ. ಎಲ್ಲರೂ ನಗುತ್ತಿದ್ದರು, ಇವರೂ ಜೊತೆಗೆ ನಗುತ್ತಿದ್ದರು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು! ಇಷ್ಟು ವರ್ಷ ತನ್ನನ್ನು ಸುಳ್ಳೇ ಗೆಲ್ಲಲು ಬಿಟ್ಟಿದ್ದರಲ್ಲ ಈ ಮನುಷ್ಯ. ಈ ಒಂದು ಸಲವಾದರೂ ಇವರು ಗೆಲ್ಲಬೇಕು, ತಾನು ಸೋಲಬೇಕು. ಅದೂ ಇವರು ಇಲ್ಲಿ ಇರುವಾಗಲೇ ಸೋಲಬೇಕು.

ಮಗನನ್ನು ಕರೆದರು. “ಎಲ್ಲಾರನ್ನೂ ಸ್ವಲ್ಪ ಗೇಟಿನಾಚೆ ಕಳಿಸಪ್ಪ. ಭಜನೇನೂ ನಿಲ್ಸೋಕೆ ಹೇಳು. ನಾನು ಇವ್ರು ಇಬ್ಬರೇ ಇರ್ಬೇಕು.”

ಮುತ್ತೈದೆಯಾಗಿ ಬಾಳಿದವಳು, ಕೊನೇ ಸಲ ಒಂಟಿಯಾಗಿ ಕೂರಬೇಕು ಅಂತಾಳೆ, ಕೂರಲಿ ಅಂದುಕೊಂಡು ಎಲ್ಲರೂ ತಲೆ ತಗ್ಗಿಸಿ ಎದ್ದು ಹೋದರು. ರಾಮಮ್ಮನೊಬ್ಬರು ಮಾತ್ರ ಹೋಗುವಾಗ ಗಿರಿಜಮ್ಮನ ಭುಜ ತಟ್ಟಿ, “ಬತ್ತದೆ, ನೋಡ್ತಿರಿ” ಅಂದರು.

ಪೋರ್ಟಿಕೋ ಖಾಲಿಯಾಯಿತು. ಗಿರಿಜಮ್ಮ ಗಂಡನ ಕುರ್ಚಿಯ ಪಕ್ಕ ಅಲ್ಲಾಡದೆ ಕೂತರು. ಹೆಣ್ಣು ಬಂತು, ಉಣಿಸಿತು, ಹೋಯಿತು. ಮತ್ತೆ ಹೆಣ್ಣೇ ಬಂತು. ಗಂಡು ಕೇಬಲ್ ವೈರಿನ ಮೇಲೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಹಾಡುತ್ತಲೇ ಇತ್ತು. ಬಿಸಿಲಿಗೆ ಅದರ ಕತ್ತು ನೇರಳೆಯಾಗಿ, ಮತ್ತೊಂದು ಗಳಿಗೆಗೆ ಹಸಿರಾಗಿ ಹೊಳೆಯುತ್ತಿತ್ತು.

“ಬಾರೋ,” ಅಂದರು ಗಿರಿಜಮ್ಮ ಬಾಯೊಳಗೇ. “ಒಂದೇ ಒಂದು ಸಲ ಬಾರೋ ನಮ್ಮಪ್ಪ. ನಿನ್ನ ಪರ ಮಾತಾಡಿದೋರು ಇವ್ರೊಬ್ಬರೇ ಕಣೋ.”

ಬರಲಿಲ್ಲ. ಗೇಟಿನ ಹತ್ತಿರ ಅಯ್ಯನವರು ಕೆಮ್ಮಿದರು. ರುದ್ರೇಶ ಮೆಲ್ಲಗೆ ಒಳಗೆ ಬಂದ. “ಅತ್ತಿಗೆಮ್ಮ, ಹೊತ್ತಾಗ್ತೈತಿ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮುಗೀಬೇಕು.”

“ಆಯ್ತು,” ಅಂದರು ಗಿರಿಜಮ್ಮ. ಇನ್ನೇನು ಹೇಳುವುದು? ತಕರಾರಿನಲ್ಲಿ ತಾವೇ ಗೆದ್ದಿದ್ದರು. ಗೆದ್ದದ್ದಕ್ಕೆ ಇಷ್ಟು ದುಃಖ ಆದೀತು ಅಂತ ಗೊತ್ತಿರಲಿಲ್ಲ. ಗಂಡನ ಮಂಡಿಯ ಮೇಲೆ ತಲೆಯಿಟ್ಟು ಅತ್ತರು. ಬೆಳಗಿನಿಂದ ಕಟ್ಟಿಕೊಂಡಿದ್ದು ಅಷ್ಟೂ ಹೊರಗೆ ಬಂತು. ಸೌಮ್ಯಶ್ರೀ ಬಂದು ಹಿಡಿದೆಬ್ಬಿಸಿದಳು.

“ಹರ ಹರ ಮಹಾದೇವ!” ಗಂಡಸರು ಉಗ್ರಪ್ಪನವರನ್ನು ಎತ್ತಿದರು. “ಗೂಡು, ಗೂಡು, ನೋಡ್ಕೊಂಡು!” ಅಂತ ಚನ್ನವೀರೇಶನೇ ಕೂಗಿದ. ಎಲ್ಲರೂ ಮಂಡಿ ಬಗ್ಗಿಸಿ, ಉಗ್ರಪ್ಪನವರನ್ನೂ ಬಗ್ಗಿಸಿ, ಗೂಡಿನ ಕೆಳಗಿಂದ ದಾಟಿಸಿದರು. ವಿಮಾನದಲ್ಲಿ ನೆಟ್ಟಗೆ ಕೂರಿಸಿ ಕಟ್ಟಿದರು. ರಸ್ತೆಯ ಕಡೆ ಮುಖ, ಮನೆಗೆ ಬೆನ್ನು. ಹೆಗಲು ಕೊಟ್ಟವರು ಎದ್ದು ನಿಂತರು. ತಾಳ ಶುರುವಾಯಿತು. ಜನವೆಲ್ಲ ಬೀದಿಗೆ ಇಳಿದು, ಪೋರ್ಟಿಕೋದಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಗಿರಿಜಮ್ಮ ಗೇಟು ದಾಟುವ ಮುನ್ನ, ಯಾಕೆ ಅಂತ ಅವರಿಗೇ ಗೊತ್ತಿಲ್ಲ, ಒಮ್ಮೆ ಹಿಂದೆ ತಿರುಗಿದರು.

ಕರಿಬೇವಿನ ಗಿಡದ ತುದಿಯಲ್ಲಿ ಗಂಡು ಕೂತಿತ್ತು. ಹಾಡುತ್ತಿರಲಿಲ್ಲ. ಹಾಡಲು ಬಾಯಿ ಖಾಲಿ ಇರಲಿಲ್ಲ. ಕೊಕ್ಕಿನಲ್ಲಿ ಒಂದು ಜೇಡ, ಅದರ ಕಾಲು ಇನ್ನೂ ಆಡುತ್ತಿತ್ತು.

“ನಿಲ್ಸ್ರೋ!” ಗಿರಿಜಮ್ಮ ಕೂಗಿದ್ದಕ್ಕೆ ಇಡೀ ಬೀದಿ ಬೆಚ್ಚಿತು. “ತಿರುಗಿಸ್ರೋ ವಿಮಾನಾನ! ಮನೆ ಕಡೆ ಮುಖ ಮಾಡಿ! ಬೇಗ, ಬೇಗ!”

ಹೆಗಲು ಕೊಟ್ಟವರು ತಬ್ಬಿಬ್ಬಾದರು. ಮುಂದಿದ್ದ ಚನ್ನವೀರೇಶ ಅಮ್ಮನ ಮುಖ ನೋಡಿದವನೇ, ಏನು ಎತ್ತ ಕೇಳದೆ ತಿರುಗತೊಡಗಿದ. ಬಿದಿರು ಕಿರುಗುಟ್ಟಿತು, ಬಾಳೆ ಎಲೆ ಪಕ್ಕದ ಸ್ಕೂಟರಿಗೆ ತಾಗಿ ಹರಿಯಿತು, ಚೆಂಡುಹೂವು ಉದುರಿದವು. ವಿಮಾನ ಇಡಿಯಾಗಿ ಅರ್ಧ ಸುತ್ತು ಬಂದು ಮನೆಗೆ ಎದುರಾಗಿ ನಿಂತಿತು.

“ಇದ್ಯಾವ ಪದ್ಧತಿ?” ನಂದಿನಿ ಲೇಔಟಿನವರು ಪಿಸುಗುಟ್ಟಿದರು.

“ದಾವಣಗೆರೆ ಕಡೇದಿರ್ಬೇಕು.”

ದಾವಣಗೆರೆಯ ರುದ್ರೇಶ ಅಯ್ಯನವರ ಮುಖ ನೋಡಿದ. ಅಯ್ಯನವರು ಒಂದು ಕ್ಷಣ ತಡವರಿಸಿ, “ಇದೆ ಇದೆ. ಹೋಗುವಾಗ ಮನೆಯ ದರ್ಶನ ಮಾಡಿಸುವುದು. ಈಗೆಲ್ಲ ಬಿಟ್ಟುಬಿಟ್ಟಿದ್ದಾರೆ” ಅಂದು ಕೈ ಮುಗಿದರು. ಅವರು ಮುಗಿದಿದ್ದು ನೋಡಿ ಎಲ್ಲರೂ ಮನೆಯ ಕಡೆ ಕೈ ಮುಗಿದರು. ತಾಳ ನಿಂತಿತು.

ಆ ಸದ್ದಿಲ್ಲದ ಹೊತ್ತಿನಲ್ಲಿ ಗಂಡು ಸೂರಕ್ಕಿ ಕರಿಬೇವಿನಿಂದ ದಾಳಿಂಬೆಗೆ ಹಾರಿತು. ದಾಳಿಂಬೆಯಿಂದ ವೈರಿಗೆ. ವೈರಿನಿಂದ ಜಾರಿ ಗೂಡಿನ ಬಾಯಿಗೆ ಜೋತುಬಿತ್ತು. ಹಳದಿ ಬಾಯಿ ಎರಡೂ ಒಟ್ಟಿಗೆ ತೆರೆದವು. ಜೇಡ ಒಂದರ ಗಂಟಲಿಗೆ ಇಳಿಯಿತು. ಗಂಡು ಒಳಗೆ ತಲೆ ಹಾಕಿ, ಏನೋ ಸರಿಮಾಡಿ, ತಿರುಗಿ ಹಾರಿಹೋಯಿತು.

“ಕಂಡ್ರಾ?” ಅಂದರು ಗಿರಿಜಮ್ಮ, ವಿಮಾನದ ಬಿದಿರು ಹಿಡಿದುಕೊಂಡು, ಕತ್ತೆತ್ತಿ ಗಂಡನಿಗೆ. “ಕಂಡ್ರಾ ರೀ?”

ಹೆಗಲು ಕೊಟ್ಟವರಲ್ಲಿ ಒಬ್ಬ ಭುಜ ಬದಲಾಯಿಸಿಕೊಳ್ಳುತ್ತ ಕೇಳಿದ. “ಹೊರಡೋಣ್ವಾ ಆಂಟಿ?”

“ತಡೀಪ್ಪ,” ಅಂದರು ಗಿರಿಜಮ್ಮ ಕಣ್ಣೊರೆಸಿಕೊಂಡು. “ಒಂದು ಸಲ ಬಂದಿದ್ದಕ್ಕೆಲ್ಲ ಒಪ್ಪೋಳಲ್ಲ ನಾನು. ಅವರಿಗೂ ಗೊತ್ತು. ಇನ್ನೊಂದು ಸಲ ಬರ್ಲಿ.”

ಬೀದಿಯ ತುದಿಯಲ್ಲಿ ಒಂದು ಆಟೋ ಬಂದು ಹಾರ್ನ್ ಹೊಡೆಯದೆ ನಿಂತಿತು. ಅಯ್ಯನವರು, ರುದ್ರೇಶ, ಭಜನೆಯವರು, ಬೈರಯ್ಯ, ಬಿಸಿಲಿಗೆ ಕೈ ಅಡ್ಡ ಹಿಡಿದ ರಾಮಮ್ಮ, ಎಲ್ಲರೂ ಏನು ಎತ್ತ ತಿಳಿಯದೆ ಗಿರಿಜಮ್ಮ ನೋಡುತ್ತಿದ್ದ ಕಡೆಗೇ ನೋಡುತ್ತ ನಿಂತರು. ಅವರೆಲ್ಲರ ತಲೆಯ ಮೇಲೆ, ನಾಲ್ಕು ಜನರ ಹೆಗಲೇರಿ, ನೆಟ್ಟಗೆ ಕೂತು ಉಗ್ರಪ್ಪನವರೂ ಖಾಲಿ ಪೋರ್ಟಿಕೋದ ಕಡೆ ಮುಖ ಮಾಡಿ ಕಾಯುತ್ತಿದ್ದರು.